6081ನೇ ಚೀಟಿ

ನಂಬಿ ಎಂದು ನಾನು ಯಾರನ್ನೂ ಕೇಳುವುದಿಲ್ಲ, ನಡೆದದ್ದನ್ನು ಹೇಳುತ್ತೇನೆ. ಸ್ಫಾಕ್ಸ್ ನಗರದ ನಮ್ಮ ಆಸ್ಪತ್ರೆಯಲ್ಲಿ ಯಾವ ರೋಗಿಯನ್ನು ಮೊದಲು ಕರೆಯಬೇಕೆಂದು ಕಂಪ್ಯೂಟರ್ ತೀರ್ಮಾನಿಸುತ್ತದೆ. ಅದರ ನಿಯಮಗಳನ್ನು ಬರೆದ ಲಝಹರ್ ತೀರಿಕೊಂಡು ಎಂಟು ವರ್ಷವಾಗಿತ್ತು. ಅವನು ಬರೆದ ಮೂಲಪ್ರತಿ ಕಳೆದುಹೋಗಿ, ಯಂತ್ರಕ್ಕಷ್ಟೇ ಅರ್ಥವಾಗುವ ಒಂದು ಫೈಲು ಉಳಿದಿತ್ತು. ಅದನ್ನು ಬಿಡಿಸಿ ಮನುಷ್ಯರು ಓದುವಂತೆ ಮಾಡುವುದು ನನ್ನ ಕೆಲಸ.

ಸೋಮವಾರ ಬಿಡಿಸಿದಾಗ ಇನ್ನೂರ ಹನ್ನೆರಡು ನಿಯಮಗಳಿದ್ದವು. ಮಂಗಳವಾರ ಮಧ್ಯಾಹ್ನ ಅದೇ ಫೈಲನ್ನು ಮತ್ತೆ ಬಿಡಿಸಿದೆ. ಒಂದು ಹೆಚ್ಚಾಗಿತ್ತು: 'ಚೀಟಿ 6081 ಆದರೆ ಕರೆಯಬೇಡ.' ಫೈಲಿನ ಗಾತ್ರ ಮಾತ್ರ ಕೂದಲೆಳೆಯಷ್ಟೂ ಬದಲಾಗಿರಲಿಲ್ಲ. ಜುಲೈ ತಿಂಗಳ ಸೆಕೆಯಲ್ಲೂ ಕೀಬೋರ್ಡ್ ಬಾವಿನೀರಿನಂತೆ ತಣ್ಣಗಿತ್ತು.

ಚೀಟಿ ಕೊಡುವ ಶಾದ್ಲಿಯಾಳ ಬಳಿ ಓಡಿದೆ.

"ಅಕ್ಕಾ, ಈಗ ಎಷ್ಟನೇ ನಂಬರು?"

"ಈಗಷ್ಟೇ 6080 ಕೊಟ್ಟೆ. ಯಾಕೋ, ಮುಖ ಹೀಗೆ ಬಿಳಿಚಿಕೊಂಡಿದೆ?"

ಹೇಳಿದೆ. ಅವಳು ನಗಲಿಲ್ಲ. "ಹಾಗಾದ್ರೆ ಅದನ್ನ ಯಾರಿಗೂ ಕೊಡೋದೇ ಬೇಡ ಬಿಡು," ಎಂದು 6081ನ್ನು ಹರಿದು ಬುಟ್ಟಿಗೆ ಹಾಕಿದಳು. ಸಾಲಿನಲ್ಲಿ ಮುಂದೆ ನಿಂತಿದ್ದ ಬೂದು ಶಾಲಿನ ಹೆಂಗಸಿಗೆ 6082 ಕೊಟ್ಟಳು.

ಕೋಣೆಗೆ ಮರಳಿ ಫೈಲನ್ನು ಮೂರನೇ ಸಲ ಬಿಡಿಸಿದೆ. ಕೊನೆಯ ನಿಯಮ ಹೀಗಿತ್ತು: 'ಚೀಟಿ 6082 ಆದರೆ ಕರೆಯಬೇಡ.'

ಹೊರಗೆ ಬರುವಷ್ಟರಲ್ಲಿ ಗೋಡೆಯ ಫಲಕದ ಮೇಲೆ 6083 ಹೊಳೆಯುತ್ತಿತ್ತು. ಆ ಹೆಂಗಸು ತನ್ನ ಚೀಟಿಯನ್ನೇ ನೋಡುತ್ತಾ, "ನನ್ನದನ್ನ ಬಿಟ್ಬಿಟ್ರಲ್ಲಪ್ಪಾ!" ಎಂದಳು.

ನಾನೇ ಕೈಹಿಡಿದು ಡಾಕ್ಟರ ಕೋಣೆಗೆ ನಡೆಸಿಕೊಂಡು ಹೋದೆ. ಅವಳ ಕೈ ನನ್ನ ಕೀಬೋರ್ಡಿನಷ್ಟೇ ತಣ್ಣಗಿತ್ತು.