ಸೇಬು, ಕುರ್ಚಿ, ನದಿ

ಕಾಲುಚೀಲ ಜೋಡಿಸುವ ಕೆಲಸಕ್ಕೆ ಮಾತು ಬೇಕಿರಲಿಲ್ಲ. ಅವಳು ರಾಶಿಯಿಂದ ಒಂದನ್ನು ಎತ್ತಿ, ಅದರ ಜೊತೆಯದನ್ನು ಹುಡುಕಿ, ಎರಡನ್ನೂ ಸೇರಿಸಿ ಸುತ್ತಿ ಬುಟ್ಟಿಗೆ ಹಾಕುತ್ತಿದ್ದಳು.

ರಗ್ಬಿ ಕ್ಲಬ್ಬಿನ ಬಟ್ಟೆ ಒಗೆಯುವ ಕೋಣೆ ಗ್ಯಾಲರಿಯ ಕೆಳಗಿತ್ತು. ಯಂತ್ರಗಳು ನಿಂತರೆ ಇಡೀ ಮೈದಾನದಲ್ಲಿ ಅಷ್ಟು ಸದ್ದಿಲ್ಲದ ಜಾಗ ಇನ್ನೊಂದಿಲ್ಲ. ಅದಕ್ಕೇ ಸೀಸನ್ ಶುರುವಾಗುವ ಮುನ್ನ ತಂಡದ ಡಾಕ್ಟರಮ್ಮ ಆಟಗಾರರ ನೆನಪಿನ ಪರೀಕ್ಷೆಯನ್ನು ಇಲ್ಲೇ ಮಾಡುತ್ತಿದ್ದರು. ಹತ್ತು ಪದ ಓದುವುದು, ಆಟಗಾರ ಎಷ್ಟನ್ನು ತಿರುಗಿ ಹೇಳುತ್ತಾನೋ ಬರೆದುಕೊಳ್ಳುವುದು. ಮುಂದೆ ತಲೆಗೆ ಪೆಟ್ಟು ಬಿದ್ದರೆ ಬೇರೆ ಹತ್ತು ಪದ ಕೇಳಿ, ನೆನಪು ಎಷ್ಟು ಇಳಿದಿದೆ ಎಂದು ನೋಡುವುದು.

ಹನ್ನೆರಡನೇ ನಂಬರಿನ ಅಂಗಿಯವನು ಬಂದು ಕೂತ. ತಂಡಕ್ಕೆ ಹೊಸಬ.

"ಸೇಬು… ಕುರ್ಚಿ… ನದಿ… ಬೀಗ…" ಎಂದು ತಲೆ ಕೆರೆದುಕೊಂಡ. "ಹಕ್ಕಿ. ಅಷ್ಟೇ ಮೇಡಂ."

ಡಾಕ್ಟರಮ್ಮ ಐದು ಎಂದು ಬರೆದುಕೊಂಡು, ಮುಂದಿನವನನ್ನು ಕರೆಯಲು ಹೊರಗೆ ಹೋದರು.

ಅವನು ಅವಳ ಕಡೆ ತಿರುಗಿದ. "ಸೇಬು, ಕುರ್ಚಿ, ನದಿ, ಬೀಗ, ಬೆರಳು, ಕಂಬಳಿ, ಹಕ್ಕಿ, ಗಾಜು, ಮೆಟ್ಟಿಲು, ಬೆಣ್ಣೆ" ಎಂದು ಒಂದೇ ಉಸಿರಿಗೆ ಹೇಳಿ ನಕ್ಕ.

ಅವಳ ಕೈಯಲ್ಲಿದ್ದ ಕಾಲುಚೀಲ ಕೈಯಲ್ಲೇ ಉಳಿಯಿತು.

"ಈಗ ಕಮ್ಮಿ ಹೇಳಿದ್ರೆ ಪೆಟ್ಟು ಬಿದ್ದಾಗ ಗೊತ್ತಾಗಲ್ಲ, ಹೊರಗೆ ಕೂರಿಸಲ್ಲ. ಹಳಬರೆಲ್ಲ ಮಾಡೋದು ಇದೇ. ಯಾರಿಗೂ ಹೇಳಬೇಡಿ."

ಅವಳು ತಲೆಯಾಡಿಸಿದಳು. ಆರನೇ ತರಗತಿಗೇ ಶಾಲೆ ಬಿಟ್ಟು ಚಿಕ್ಕಮ್ಮನ ಜೊತೆ ಈ ಕೋಣೆಗೆ ಬಂದವಳು. ಆಟಗಾರರು ಅವಳನ್ನು ಮೌನಿ ಎಂದೇ ಕರೆಯುತ್ತಿದ್ದರು. ಅವಳನ್ನು ನಂಬಿ ಯಾರೂ ಇದುವರೆಗೆ ಒಂದು ಗುಟ್ಟನ್ನೂ ಹೇಳಿರಲಿಲ್ಲ…

ಅಂದಿನಿಂದ ಪ್ರತಿ ಸೋಮವಾರ, ಗಾಜು ಕತ್ತರಿಸುವ ಅಂಗಡಿಯಲ್ಲಿ ತನ್ನ ಕೆಲಸ ಮುಗಿಸಿ, ಹೊಲಿಗೆ ಬಿಟ್ಟ ಅಂಗಿ ಹಿಡಿದು ಅವನು ಬಾಗಿಲಲ್ಲಿ ನಿಲ್ಲುತ್ತಿದ್ದ. ಬೇರೆಯವರಂತೆ ಕುಶಲ ಕೇಳುತ್ತಿರಲಿಲ್ಲ. ಹತ್ತು ಪದ ಹೇಳುತ್ತಿದ್ದ. ಅವಳು ಸೂಜಿಗೆ ದಾರ ಪೋಣಿಸುತ್ತಾ ಮನಸ್ಸಿನಲ್ಲೇ ಎಣಿಸುತ್ತಿದ್ದಳು. ಬೆಣ್ಣೆ ಬರುವ ಹೊತ್ತಿಗೆ ಅವಳ ತುಟಿಯಲ್ಲಿ ನಗು ಬಂದಿರುತ್ತಿತ್ತು.

"ಈ ಹುಡುಗ ಅಂಗಿ ಹರ್ಕೊಳ್ಳೋದು ಮೈದಾನದಲ್ಲೋ, ಇಲ್ಲಾ ನಮ್ಮ ಬಾಗಿಲ ಆಚೆ ನಿಂತೋ?" ಎಂದಳು ಚಿಕ್ಕಮ್ಮ ಒಮ್ಮೆ. ಅವಳ ಕಿವಿ ಕೆಂಪಾಯಿತು.

ಹದಿನೆಂಟು ಪಂದ್ಯಗಳ ಸೀಸನ್ ಅದು. ಮೊದಲ ನಾಲ್ಕು ತಂಡಗಳಿಗೆ ಸೆಮಿಫೈನಲ್. ಒಂಬತ್ತು ವರ್ಷಗಳಿಂದ ಅಲ್ಲಿಗೆ ಮುಟ್ಟದಿದ್ದ ಕ್ಲಬ್ಬು ಈ ಸಲ ಕೊನೆಯ ಪಂದ್ಯ ಗೆದ್ದು ನಾಲ್ಕನೆಯದಾಯಿತು. ಊರೆಲ್ಲ ಕುಣಿಯಿತು. ಅವಳು ಕುಣಿಯಲಿಲ್ಲ.

ಆ ಪಂದ್ಯದಲ್ಲಿ ಅವನ ತಲೆ ಎದುರಾಳಿಯ ಮೊಣಕಾಲಿಗೆ ಬಡಿದಿತ್ತು. ಅವನು ತಕ್ಷಣ ಎದ್ದ. ಎದ್ದವನು ನಡೆದು ಹೋಗಿ ಎದುರಾಳಿಗಳ ಸಾಲಿನಲ್ಲಿ ನಿಂತ. ರೆಫರಿ ಭುಜ ಹಿಡಿದು ತಿರುಗಿಸಿದಾಗ ಗ್ಯಾಲರಿ ಗೊಳ್ಳೆಂದು ನಕ್ಕಿತು. ಹೊರಗೆ ಕರೆಸಿ ಡಾಕ್ಟರಮ್ಮ ಪರೀಕ್ಷೆ ಮಾಡಿದರು. ನಾಲ್ಕು ಪದ ಹೇಳಿದ. ಐದಕ್ಕೂ ನಾಲ್ಕಕ್ಕೂ ದೊಡ್ಡ ವ್ಯತ್ಯಾಸವೇನು? ಮತ್ತೆ ಒಳಗೆ ಹೋಗಿ ಆಡಿದ.

ಟವೆಲ್ ಹಿಡಿದು ಪಕ್ಕದಲ್ಲೇ ನಿಂತಿದ್ದ ಅವಳು ಎಣಿಸಿದ್ದಳು. ನಾಲ್ಕು… ಐದಕ್ಕೆ ನಾಲ್ಕಲ್ಲ. ಹತ್ತಕ್ಕೆ ನಾಲ್ಕು!

ಸೋಮವಾರ ಅವನು ಬಂದ. ದೀಪದ ಬೆಳಕಿಗೆ ಕಣ್ಣು ಕಿರಿದು ಮಾಡಿದ್ದ.

"ಸೇಬು, ಕುರ್ಚಿ… ಬೀಗ…" ನಿಂತ. "ಬೀಗ. ಹಕ್ಕಿ." ನಕ್ಕ. "ಇವತ್ತು ಇಷ್ಟೇ. ಶನಿವಾರ ಸೆಮಿಫೈನಲ್ ಅಲ್ವಾ, ತಲೆ ತುಂಬ ಅದೇ."

ಹದಿನೇಳು ಸೋಮವಾರ ಒಂದೂ ತಪ್ಪದೆ ಹೇಳಿದ ಪದಗಳು! ಅವಳು ಅಂಗಿ ಇಸಿದುಕೊಂಡಳು. ಕತ್ತುಪಟ್ಟಿಯ ಮೇಲೆ ವಾಂತಿಯ ಕಲೆ ಇತ್ತು. ಅವನು ಅದನ್ನು ನೀರಿನಲ್ಲಿ ಉಜ್ಜಿ ಮರೆಮಾಡಲು ನೋಡಿದ್ದ. ಕಲೆಗಳ ವಿಷಯದಲ್ಲಿ ಅವಳ ಕಣ್ಣು ತಪ್ಪಿಸಲು ಯಾರಿಂದಲೂ ಆಗುವುದಿಲ್ಲ.

ಮೂರು ದಿನ ಅವಳಿಗೆ ಊಟ ಸೇರಲಿಲ್ಲ. ಹೇಳಿದರೆ ಅವನ ಕನಸು ಹಾಳು, ಕೊಟ್ಟ ಮಾತು ಹಾಳು. ಹೇಳದಿದ್ದರೆ? ಇನ್ನೊಂದು ಮೊಣಕಾಲು, ಇನ್ನೊಂದು ಪೆಟ್ಟು… ಮುಂದಕ್ಕೆ ಯೋಚಿಸಲು ಅವಳಿಂದ ಆಗಲಿಲ್ಲ.

ಗುರುವಾರ ಡಾಕ್ಟರಮ್ಮನ ಎದುರು ಹೋಗಿ ನಿಂತಳು. ಮೇಜಿನ ಮೇಲೆ ಒಂದು ಚೀಟಿ ಇಟ್ಟಳು. ಸೊಟ್ಟ ಅಕ್ಷರಗಳಲ್ಲಿ ಹತ್ತು ಪದ.

"ಅವರಿಗೆ ಇವು ಅಷ್ಟೂ ಬರ್ತಿತ್ತು. ಅವತ್ತು ಬೇಕಂತಲೇ ಐದು ಹೇಳಿದ್ರು. ಈಗ ನಿಜವಾಗ್ಲೂ ನಾಲ್ಕೇ ಬರ್ತಿದೆ."

ಸಂಜೆಯೊಳಗೆ ಅವನ ಹೆಸರು ಸೆಮಿಫೈನಲ್ ಆಡುವವರ ಪಟ್ಟಿಯಿಂದ ಹೋಯಿತು. ಅವನು ನೇರ ಕೋಣೆಗೆ ಬಂದ. ಕೂಗಾಡಲಿಲ್ಲ. ಕೂಗಾಡಿದ್ದರೆ ಒಳ್ಳೆಯದಿತ್ತು.

"ನೀವು ಮಾತೇ ಆಡಲ್ಲ ಅಂತ ನಂಬಿದ್ದೆ."

ಅಷ್ಟೇ ಹೇಳಿ ಹೋದ.

ಸೆಮಿಫೈನಲ್‌ನಲ್ಲಿ ತಂಡ ಎರಡು ಅಂಕಗಳಿಂದ ಸೋತಿತು. ಮೌನಿ ಬಾಯಿ ಬಿಟ್ಟಳು, ನಮ್ಮ ಸೀಸನ್ ಮುಚ್ಚಿತು ಎಂದು ಒಬ್ಬ ಹಳಬ ಅವಳಿಗೆ ಕೇಳುವಂತೆ ಆಡಿಕೊಂಡ. ಮಣ್ಣಿನ ಅಂಗಿಗಳನ್ನು ಬುಟ್ಟಿಗೆ ಹಾಕದೆ ನೆಲಕ್ಕೆ ಎಸೆದು ಹೋದರು. ಚಿಕ್ಕಮ್ಮ ಒಂದೊಂದಾಗಿ ಎತ್ತಿಕೊಡುತ್ತಾ, ನೀನು ಮಾಡಿದ್ದು ಸರಿಯೋ ತಪ್ಪೋ ನನಗೆ ಗೊತ್ತಿಲ್ಲ ಮಗಳೇ, ಆ ಹುಡುಗ ಉಸಿರಾಡ್ತಿದಾನೆ ಅಲ್ವಾ ಎಂದಳು.

ಉಸಿರಾಡುತ್ತಿದ್ದಾನೆ. ಆದರೆ ಎಲ್ಲಿ? ಹೇಗೆ? ಆರು ಸೋಮವಾರಗಳು ಬಂದು ಹೋದವು. ಬಾಗಿಲಲ್ಲಿ ನೆರಳು ಬಿದ್ದಾಗಲೆಲ್ಲ ಅವಳು ತಲೆ ಎತ್ತಿ ನೋಡುತ್ತಿದ್ದಳು…

ಏಳನೆಯ ಸೋಮವಾರ ಅವಳು ಒಬ್ಬಳೇ ಇದ್ದಳು. ಮುಂದಿನ ವರ್ಷಕ್ಕೆಂದು ಕಾಲುಚೀಲಗಳನ್ನು ಪೆಟ್ಟಿಗೆಗೆ ತುಂಬುತ್ತಿದ್ದಳು.

"ಸೇಬು."

ಅವಳು ತಲೆ ಎತ್ತಲಿಲ್ಲ. ಎತ್ತಲು ಧೈರ್ಯವಿರಲಿಲ್ಲ.

"ಕುರ್ಚಿ. ನದಿ. ಬೀಗ." ನಿಧಾನವಾಗಿ, ಮೆಟ್ಟಿಲು ಹತ್ತುವವನಂತೆ ಅವನು ಹೇಳುತ್ತಾ ಹೋದ. "ಬೆರಳು. ಕಂಬಳಿ. ಹಕ್ಕಿ. ಗಾಜು. ಮೆಟ್ಟಿಲು…"

ನಿಂತ.

"ಬೆಣ್ಣೆ."

ಅವಳಿಗೆ ಅಳು ಬಂತು. ಅವನು ಬಂದು ಎದುರಿನ ಬೆಂಚಿನ ಮೇಲೆ ಕೂತ. ಸೊರಗಿದ್ದ. ಅಕ್ಕನ ಮನೆಯಲ್ಲಿ ಪರದೆ ಎಳೆದ ಕೋಣೆಯಲ್ಲಿ ಇಷ್ಟು ದಿನ ಮಲಗಿದ್ದನಂತೆ. ಮೊದಲು ಬರೀ ಸಿಟ್ಟು ಇತ್ತಂತೆ. ಆಮೇಲೆ ಒಂದು ಬೆಳಿಗ್ಗೆ ಅಕ್ಕನ ಮಗಳು ಮಾಮಾ ಎಂದು ಕರೆದಾಗ, ಆ ಕೂಸಿನ ಹೆಸರೇ ನಾಲಿಗೆಗೆ ಬರಲಿಲ್ಲವಂತೆ. ಅವತ್ತು ಸಿಟ್ಟು ಇಳಿದು ಭಯ ಬಂತಂತೆ. ಆ ಶನಿವಾರ ಆಡಿದ್ದರೆ ಏನಾಗುತ್ತಿತ್ತು ಎಂಬುದನ್ನು ಡಾಕ್ಟರಮ್ಮ ಬಿಡಿಸಿ ಹೇಳಿದ್ದರಂತೆ.

"ಇಷ್ಟು ದಿನ ಯಾಕೆ…" ಎಂದಳು ಅವಳು.

"ಹತ್ತೂ ಬರೋವರೆಗೆ ನಿಮ್ಮೆದುರು ಹೇಗೆ ಬರ್ಲಿ? ದಿನಾ ಹೇಳಿ ನೋಡ್ತಿದ್ದೆ. ಪದ ಮರೆತ್ರೂ ನೀವು ನಗೋದು ಮಾತ್ರ ನೆನಪಿರ್ತಿತ್ತು."

ಅವಳು ಕಣ್ಣೊರೆಸಿಕೊಂಡಳು. ಅವನ ಕೈ ಕಾಲುಚೀಲಗಳ ರಾಶಿಯ ಮೇಲೆ ಬಂದು, ಅವಳ ಬೆರಳುಗಳ ಪಕ್ಕ ನಿಂತಿತು.

"ಎಲ್ಲಾ ಸೋಮವಾರಾನೂ ಬರ್ತೀನಿ. ಹರಿದ ಅಂಗಿ ಇಲ್ದೇನೂ ಬರ್ಬಹುದಾ?"

"ಬನ್ನಿ" ಎಂದಳು. ಅವಳ ಬಾಯಿಂದ ಇಷ್ಟು ಬೇಗ ಉತ್ತರ ಬಂದದ್ದು ಅದೇ ಮೊದಲು.

ಇಬ್ಬರೂ ಸ್ವಲ್ಪ ಹೊತ್ತು ಕಾಲುಚೀಲ ಜೋಡಿಸಿದರು. ಅವನು ಜೋಡಿ ತಪ್ಪಿಸಿದ್ದನ್ನು ಅವಳು ಸದ್ದಿಲ್ಲದೆ ಸರಿಮಾಡಿದಳು.

"ಇವತ್ತು ಬೆಳಿಗ್ಗೆ ಡಾಕ್ಟರಮ್ಮ ನೋಡಿದ್ರು" ಎಂದ ಅವನು, ರಾಶಿಯನ್ನೇ ನೋಡುತ್ತಾ. "ಮುಂದಿನ ಸೀಸನ್‌ಗೆ ಆಡ್ಬಹುದಂತೆ."

ಹೊರಗೆ ಯಾರೋ ಮೈದಾನದ ಹುಲ್ಲು ಕತ್ತರಿಸುತ್ತಿದ್ದರು. ಅವಳು ಅವನ ಬೆರಳುಗಳನ್ನು ಹಿಡಿದುಕೊಂಡಳು. ಅವನು ಬಿಡಿಸಿಕೊಳ್ಳಲಿಲ್ಲ, ಇನ್ನಷ್ಟು ಬಿಗಿಯಾಗಿ ಹಿಡಿದ.

"ಆಡಬೇಡಿ" ಎಂದಳು.

ಅವನು ಇನ್ನೊಂದು ಕೈಯಿಂದ ಒಂದು ಕಾಲುಚೀಲ ಎತ್ತಿಕೊಂಡು, ಅದರ ಜೊತೆಯದನ್ನು ಹುಡುಕತೊಡಗಿದ.