ಹೋರಿ ಬಿದ್ದ ಮೇಲೆ

"ಬೀಳೋ," ಎಂದಳು ನಿಯುರ್ಕಾ.

"ಬಿದ್ದು ಬಿದ್ದು ಸೊಂಟ ಹೋಗಿದೆ ಕಣೇ," ಎಂದ ರೈದೆಲ್. "ಇನ್ನೊಂದು ಪೇರಲಹಣ್ಣು ಕೊಟ್ರೆ ಬೀಳ್ತೀನಿ."

"ಆಗಲೇ ಎರಡು ನುಂಗಿದೀಯ. ಹೋರಿ ಆಗೋಕೆ ಇಷ್ಟೊಂದು ಲಂಚಾನಾ?"

"ಹಂಗಾದ್ರೆ ನೀನೇ ಹೋರಿ ಆಗು. ನಾನು ನಿಮ್ಮಜ್ಜ ಆಗ್ತೀನಿ."

ಅದಂತೂ ಆಗದ ಮಾತು. ಎವೆಲಿಯೊ ಅಜ್ಜನ ಪಾರ್ಟು ನಿಯುರ್ಕಾಳದೇ. ಅವಳೇ ತಾನೇ ಅವನ ಮೊಮ್ಮಗಳು? ನಾಳೆ ಶಾಲೆಯಲ್ಲಿ ಅಜ್ಜನಿಗೆ ಸನ್ಮಾನ. ಅವನ ಬದುಕನ್ನು ಐದನೇ ಕ್ಲಾಸಿನವರು ನಾಟಕ ಮಾಡಿ ತೋರಿಸಬೇಕು ಎಂದು ಟೀಚರ್ ಹೇಳಿದ್ದರು. ಇಡೀ ಊರು ಎದ್ದು ನಿಂತು ಚಪ್ಪಾಳೆ ಹೊಡೆಯಬೇಕು, ಹಾಗೆ ಮಾಡಬೇಕೆಂಬುದು ನಿಯುರ್ಕಾಳ ಆಸೆ.

ಮುಚ್ಚಿಹೋದ ಸಕ್ಕರೆ ಕಾರ್ಖಾನೆಯ ಸುತ್ತ ಹರಡಿದ್ದ ಆ ಹಳ್ಳಿಯಲ್ಲಿ ಅಜ್ಜನ ಕತೆ ಗೊತ್ತಿಲ್ಲದವರೇ ಇರಲಿಲ್ಲ. ಅವನು ಮೀಸೆ ಮೂಡದ ವಯಸ್ಸಿನಲ್ಲಿ ಕಬ್ಬು ಕಡಿಯುತ್ತಿದ್ದ. ಕೆಸರಲ್ಲಿ ಹೂತಿದ್ದ ಗಾಡಿಯನ್ನು ಒಬ್ಬನೇ ಹೆಗಲು ಕೊಟ್ಟು ಎತ್ತಿದ್ದನ್ನು ಒಬ್ಬ ಬಾಕ್ಸಿಂಗ್ ಕೋಚ್ ಕಂಡರು. ಹವಾನಾಕ್ಕೆ ಕರೆದೊಯ್ದರು. ಮೊದಲ ಪಂದ್ಯದಲ್ಲೇ ಅವನು ಮೂಗು ಮುರಿಸಿಕೊಂಡ. ಅಳುತ್ತಾ ಮನೆಗೆ ಬಂದವನನ್ನು ಅವನಮ್ಮ, ಬಂದ ಲಾರಿಗೇ ಹತ್ತಿಸಿ ವಾಪಸ್ ಕಳಿಸಿದಳು. ಆಮೇಲೆ ಹೆವಿವೇಟ್‌ನಲ್ಲಿ ಅವನೆದುರು ನಿಲ್ಲುವವರೇ ಇಲ್ಲವಾದರು.

ಕೊನೆಗೆ ಆ ಫೈನಲ್. ಎದುರಿಗೆ, ಕಮಾಗ್ವೆ ಪ್ರಾಂತ್ಯದಿಂದ ಬಂದ, ಕಮಾಗ್ವೆಯ ಹೋರಿ ಎಂದೇ ಹೆಸರಾಗಿದ್ದ ದೈತ್ಯ. ಅಜ್ಜ ಎಡಗೈಯಲ್ಲಿ ಒಂದೇ ಒಂದು ಏಟು ಕೊಟ್ಟ. ಹೋರಿ ಮಲಗಿತು.

ಊರಿಗೆ ಹೊಸಬರು ಯಾರೇ ಬಂದು ಅಜ್ಜನ ಮನೆ ಕೇಳಿದರೂ, ದಾರಿ ಹೇಳುವ ಮೊದಲು ಮಕ್ಕಳು ಆ ಏಟನ್ನು ಆಡಿ ತೋರಿಸಬೇಕು. ಅದು ಊರಿನ ಪದ್ಧತಿ. ಮಾವಿನ ಮರದ ಕೆಳಗೆ ಡೊಮಿನೊ ಆಡುವ ಮುದುಕರು ಆಟ ನಿಲ್ಲಿಸಿ, "ತೋರಿಸ್ರೋ ಅವರಿಗೆ," ಎನ್ನುತ್ತಿದ್ದರು.

ಅಜ್ಜ ಮಾತ್ರ ಆ ಕತೆ ಹೇಳುತ್ತಿರಲಿಲ್ಲ. ಯಾರಾದರೂ ಶುರು ಮಾಡಿದರೆ ಹಂದಿಗೆ ಮೇವು ಹಾಕಬೇಕು ಎಂದು ಎದ್ದುಬಿಡುತ್ತಿದ್ದ. ಅಜ್ಜನಿಗೆ ನಾಚಿಕೆ ಎಂದು ನಿಯುರ್ಕಾ ತಿಳಿದಿದ್ದಳು.

ರಸ್ತೆಯಲ್ಲಿ ಲಾರಿಯೊಂದು ನಿಂತಿತು. ಅದರಿಂದ ಒಬ್ಬ ಮುದುಕ ನಿಧಾನವಾಗಿ ಇಳಿದ. ಬಾಗಿಲು ತುಂಬುವಂಥ ಆಳು. ಹುಲ್ಲಿನ ಟೋಪಿಯನ್ನು ಹಣೆಯ ತನಕ ಎಳೆದುಕೊಂಡಿದ್ದ. ಕಂಕುಳಲ್ಲಿ ಬಾಳೆಲೆ ಸುತ್ತಿದ ಚೀಸಿನ ಗಡ್ಡೆ.

"ಮಕ್ಕಳೇ, ಎವೆಲಿಯೊ ಮನೆ ಎಲ್ಲಿ ಬರುತ್ತೆ?"

"ಚಾಂಪಿಯನ್ ಮನೆಯಾ? ಹಂಗೆಲ್ಲ ಸುಮ್ನೆ ಹೇಳೋದಿಲ್ಲ ತಾತ. ಮೊದ್ಲು ಇದನ್ನ ನೋಡ್ಬೇಕು," ಎಂದ ರೈದೆಲ್. ಹೊಸ ಪ್ರೇಕ್ಷಕ ಸಿಕ್ಕಿದ ಕೂಡಲೇ ಅವನ ಸೊಂಟನೋವು ವಾಸಿಯಾಗಿತ್ತು.

ಎರಡು ಬೆರಳು ಕೊಂಬು ಮಾಡಿಕೊಂಡು, ಕಾಲಿನಿಂದ ಮಣ್ಣು ಕೆದರುತ್ತಾ ಅವನು ಬುಸುಗುಟ್ಟಿದ. "ನಾನು ಕಮಾಗ್ವೆಯ ಹೋರಿ. ನನ್ನ ತಲೆ ತುಂಬ ಬರೀ ಹುಲ್ಲು."

ನಿಯುರ್ಕಾ ಒಂದು ಹೆಜ್ಜೆ ಹಿಂದೆ ಸರಿದು ಎಡಗೈ ಬೀಸಿದಳು. ರೈದೆಲ್ ಬುಗುರಿಯಂತೆ ತಿರುಗಿದ. ನಾಲಿಗೆ ಹೊರಗೆ ಹಾಕಿದ. ಮೆಳ್ಳಗಣ್ಣು ಮಾಡಿ ಗಾಳಿಯಲ್ಲಿ ಕೈಯಾಡಿಸುತ್ತಾ, "ಅಮ್ಮಾ, ಕತ್ತಲು. ದೀಪ ಹಚ್ಚೇ," ಎಂದು ತಡವರಿಸಿ, ಮುಖ ಅಡಿಯಾಗಿ ಬಿದ್ದ. ನಿಯುರ್ಕಾ ಎರಡೂ ಕೈ ಎತ್ತಿ ನಿಂತಳು.

ಮುದುಕ ನಕ್ಕ. ಸ್ವಲ್ಪ ತಡವಾಗಿ ನಕ್ಕ.

"ಚೆನ್ನಾಗಿದೆ. ಆದ್ರೆ ಮಗಾ, ಅವನು ಮುಖ ಅಡಿಯಾಗಿ ಬೀಳಲಿಲ್ಲ. ರಿಂಗಿನ ಹಗ್ಗಕ್ಕೆ ಒರಗಿ ಕೂತುಬಿಟ್ಟ."

"ನೀವು ಆ ಫೈಟ್ ನೋಡಿದ್ರಾ?" ನಿಯುರ್ಕಾ ಕೇಳಿದಳು.

"ಅರ್ಧ ನೋಡಿದೆ," ಎಂದು ಮುದುಕ ಟೋಪಿ ತೆಗೆದು ಬೆವರು ಒರೆಸಿಕೊಂಡ. ಅವನ ಎಡಗಣ್ಣು ಪೂರಾ ಬಿಳಿ. ಹಾಲಿನಲ್ಲಿ ಅದ್ದಿ ತೆಗೆದ ಹಾಗಿತ್ತು. "ಹೋರಿ ನಾನೇ. ನನ್ನ ಹೆಸರು ಸೆವೆರಿನೊ."

ನೆಲದ ಮೇಲಿದ್ದ ರೈದೆಲ್ ಏಳಲಿಲ್ಲ. ಡೊಮಿನೊ ಆಡುತ್ತಿದ್ದವರ ಕೈ ಹಲಗೆಯ ಮೇಲೆ ನಿಂತಲ್ಲೇ ನಿಂತಿತು. ನಿಯುರ್ಕಾಳ ಕೈಗಳು ಇನ್ನೂ ಮೇಲೆಯೇ ಇದ್ದವು. ಅವನ್ನು ಕೆಳಗೆ ಇಳಿಸುವುದು ಹೇಗೆ ಎಂಬುದೇ ಅವಳಿಗೆ ಮರೆತುಹೋಗಿತ್ತು.

ಮನೆಯ ಬಾಗಿಲಲ್ಲಿ ಇಬ್ಬರು ಮುದುಕರೂ ಒಬ್ಬರನ್ನೊಬ್ಬರು ತುಂಬಾ ಹೊತ್ತು ತಬ್ಬಿಕೊಂಡು ನಿಂತರು.

"ದಪ್ಪ ಆಗಿದೀಯಲ್ಲೋ," ಎಂದ ಅಜ್ಜ.

"ಒಂದೇ ಕಣ್ಣಲ್ಲಿ ನೋಡಿದ್ರೂ ನೀನೇನೂ ಕಮ್ಮಿ ಕಾಣ್ತಿಲ್ಲ."

"ಬಾ ಅಂತ ಎಷ್ಟು ವರ್ಷದಿಂದ ಕರೀತಿದೀನಿ. ದಾರಿ ಸಿಕ್ತಾ?"

"ಮಕ್ಕಳು ತೋರಿಸಿದ್ರು," ಎಂದ ಸೆವೆರಿನೊ.

ಅಜ್ಜ ನಿಯುರ್ಕಾಳ ಕಡೆ ನೋಡಿದ. ಅವಳು ತಲೆ ತಗ್ಗಿಸಿದಳು.

ಸಂಜೆ ಅಜ್ಜ ಹಂದಿಗೂಡಿನ ಹತ್ತಿರ ಇದ್ದಾಗ ಅವಳು ಹೋಗಿ ಬೇಲಿ ಹಿಡಿದು ನಿಂತಳು.

"ಅಜ್ಜ, ಅವರ ಕಣ್ಣು... ನಿನ್ನ ಏಟಿಗೇನಾ ಹೋಗಿದ್ದು?"

"ಹೂಂ."

"ನೀನು ಹೇಳಲೇ ಇಲ್ವಲ್ಲ."

"ಅವನು ಬೀಳೋ ತನಕ ಎಲ್ಲರೂ ಕೇಳ್ತಾರೆ. ಆಮೇಲೆ ಚಪ್ಪಾಳೆ ಹೊಡೆದು ಎದ್ದು ಹೋಗ್ತಾರೆ."

"ಆಮೇಲೇನಾಯ್ತು?"

ಅಜ್ಜ ಬಕೆಟ್ ಕೆಳಗಿಟ್ಟ. ಹಾಗೆಂದು ಅವನನ್ನು ಈವರೆಗೆ ಯಾರೂ ಕೇಳಿರಲಿಲ್ಲ.

"ರೆಫರಿ ನನ್ನ ಕೈ ಎತ್ತಿ ಹಿಡಿದ್ರು. ನಾನು ಬಿಡಿಸ್ಕೊಂಡು ಅವನ ಹತ್ರ ಹೋದೆ. 'ಕಾಣ್ತಿದೆಯೇನೋ?' ಅಂದೆ. 'ಎವೆಲಿಯೊ, ದೀಪ ಯಾಕೆ ಆರಿಸಿದ್ರು?' ಅಂತ ಕೇಳಿದ. ಹಾಲ್ ತುಂಬ ದೀಪ ಉರೀತಿತ್ತು ಮಗಳೇ. ಸ್ವಲ್ಪ ದಿನಕ್ಕೆ ಒಂದು ಕಣ್ಣು ಬಂತು. ಇನ್ನೊಂದು ಬರಲಿಲ್ಲ. ಅವನು ಊರಿಗೆ ಹೋಗಿ ಎತ್ತಿನ ಗಾಡಿ ಹೊಡೆಯೋಕೆ ನಿಂತ."

"ನೀನು?"

"ಮುಂದಿನ ವರ್ಷವೂ ರಿಂಗಿಗೆ ಇಳಿದೆ. ಎಡಗೈ ಏಳಲೇ ಇಲ್ಲ. ಭುಜ ಕೆಟ್ಟಿದೆ ಅಂತ ಪೇಪರಿನವರು ಬರೆದ್ರು. ಬಾಕ್ಸಿಂಗ್ ಬಿಟ್ಟೆ." ಅಜ್ಜ ಎಡಗೈಯನ್ನು ಬಿಚ್ಚಿ ನೋಡಿಕೊಂಡ. "ಭುಜಕ್ಕೆ ಏನೂ ಆಗಿರಲಿಲ್ಲ."

"ನಾಳೆ ನಾಟಕ ಬೇಡ್ವಾ?"

"ನಿನ್ನ ನಾಟಕ. ನನ್ನನ್ನೇನು ಕೇಳ್ತೀಯ?" ಎಂದು ಅವನು ಬಕೆಟ್ ಎತ್ತಿಕೊಂಡ.

ಮರುದಿನ ಶಾಲೆಯ ಅಂಗಳದಲ್ಲಿ ಊರಿಗೆ ಊರೇ ಸೇರಿತ್ತು. ಸಮವಸ್ತ್ರದ ಕೆಂಪು ಕೊರಳವಸ್ತ್ರ ಕಟ್ಟಿಕೊಂಡ ನಾಲ್ಕು ಮಕ್ಕಳು ಹಗ್ಗ ಹಿಡಿದು ರಿಂಗ್ ಮಾಡಿದ್ದರು. ಮುಂದಿನ ಕುರ್ಚಿಗಳಲ್ಲಿ ಅಜ್ಜ, ಅವನ ಪಕ್ಕದಲ್ಲಿ ಸೆವೆರಿನೊ. ಟೀಚರೇ ರೆಫರಿ.

ಕಬ್ಬಿನ ಗದ್ದೆಯೂ ಆಯಿತು, ಮುರಿದ ಮೂಗೂ ಆಯಿತು. ಫೈನಲ್ ಬಂತು. ರೈದೆಲ್ ಇವತ್ತು ಕೊಂಬು ಮಾಡಲಿಲ್ಲ, ಬುಸುಗುಟ್ಟಲಿಲ್ಲ. ನಿಯುರ್ಕಾ ಎಡಗೈ ಬೀಸಿದಳು. ಅವನು ಹಗ್ಗಕ್ಕೆ ಒರಗಿ ಮೆಲ್ಲಗೆ ಕೂತ.

ಅಂಗಳವೆಲ್ಲ ಚಪ್ಪಾಳೆ, ಸಿಳ್ಳೆ. ಜನ ಎದ್ದು ನಿಂತರು. ಟೀಚರ್ ನಿಯುರ್ಕಾಳ ಕೈ ಹಿಡಿದು ಮೇಲೆತ್ತಿದರು. ಅವಳು ಬಿಡಿಸಿಕೊಂಡಳು.

"ಕೈ ಎತ್ತೇ ಹುಡುಗಿ, ಮುಗೀತು," ಟೀಚರ್ ಪಿಸುಗುಟ್ಟಿದರು.

"ಮುಗಿದಿಲ್ಲ ಟೀಚರ್."

ಅವಳು ರಿಂಗಿನ ಆ ಬದಿಗೆ ಹೋಗಿ ರೈದೆಲ್‌ನ ಎದುರು ಮಂಡಿಯೂರಿದಳು. ಚಪ್ಪಾಳೆ ಅಲ್ಲೊಂದು ಇಲ್ಲೊಂದು ಆಗಿ ನಿಂತೇಹೋಯಿತು.

"ಸೆವೆರಿನೊ," ಎಂದಳು ನಿಯುರ್ಕಾ. "ಕಾಣ್ತಿದೆಯೇನೋ?"

ಆ ಊರಿನಲ್ಲಿ ಹೋರಿಗೆ ಹೆಸರಿದೆಯೆಂದು ಹೆಚ್ಚಿನವರಿಗೆ ಗೊತ್ತೇ ಇರಲಿಲ್ಲ. ಅಭ್ಯಾಸ ಮಾಡಿದ್ದ ನಾಟಕದಲ್ಲಿ ಈ ಮಾತು ಇರಲಿಲ್ಲ. ರೈದೆಲ್ ಬೆಬ್ಬೆಬ್ಬೆ ಎಂದು ಮುಂದಿನ ಕುರ್ಚಿಯ ಕಡೆ ನೋಡಿದ.

ಸೆವೆರಿನೊ ಮುಖವನ್ನು ಪೂರ್ತಿ ಇತ್ತ ತಿರುಗಿಸಿ, ಬಲಗಣ್ಣಿನಿಂದ ನಿಯುರ್ಕಾಳನ್ನೇ ನೋಡುತ್ತಿದ್ದ.

"ಇಲ್ಲ," ಎಂದ ಅವನು, ಕೂತಲ್ಲಿಂದಲೇ. "ಏನೂ ಕಾಣ್ತಿಲ್ಲ."

ಎದ್ದು ನಿಂತಿದ್ದವರು ಒಬ್ಬೊಬ್ಬರಾಗಿ ಕೂತರು. ನಿಯುರ್ಕಾ ಗ್ಲೌಸ್ ಕಳಚಿ ಕೆಳಗಿಟ್ಟಳು. ಹಗ್ಗಕ್ಕೆ ಒರಗಿ, ರೈದೆಲ್‌ನ ಪಕ್ಕದಲ್ಲಿ ಅವಳೂ ಕೂತಳು.