ಬೀರವ್ವನ ಕಂಬಳಿ

ಸೊಲ್ಲಾಪುರದ ನವಿ ಪೇಠದ ಬಟ್ಟೆ ಅಂಗಡಿಯಲ್ಲಿ ಹದಿನೆಂಟು ವರ್ಷ ಗಜಕೋಲು ಹಿಡಿದ ದಿವಾಣಜಿ ಸಾತಲಿಂಗಪ್ಪನಿಗೆ, ೧೯೫೫ರ ದೀಪಾವಳಿಯ ಮರುದಿನ ಮಾಲೀಕರು ಒಂದೇ ಮಾತು ಹೇಳಿದರು: ಇನ್ನು ಗಾದಿಯ ಮೇಲೆ ತಮ್ಮ ಅಳಿಯ ಕೂರುತ್ತಾನೆ, ಅವನಿಗೆ ಕೆಲಸ ಕಲಿಸು. ಆ ಅಳಿಯನಿಗೆ ಧೋತರಕ್ಕೂ ಪಂಜೆಗೂ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಅಂದಿನಿಂದ ಸಾತಲಿಂಗಪ್ಪ ಕೂತಲ್ಲಿ ಕೂರಲಾರದವನಾದ. ತನ್ನದೇ ಒಂದು ಅಂಗಡಿ ತೆರೆಯಲು ನಾನೂರು ರೂಪಾಯಿ ಸಾಕಿತ್ತು. ಅಷ್ಟು ಹಣ ಬೀರವ್ವನ ಕಂಬಳಿಯಲ್ಲಿರುವುದು ಅವನಿಗೆ ಗೊತ್ತಿತ್ತು.

ಬೀರವ್ವ ಅಕ್ಕಲಕೋಟೆ ಕಡೆಯ ಕುರಿಗಾರ್ತಿ. ವರ್ಷಕ್ಕೊಮ್ಮೆ ಸೊಲ್ಲಾಪುರದಲ್ಲಿ ಟಗರು ಮಾರಿ, ಉಳಿದ ಹಿಂಡು ಹೊಡೆದುಕೊಂಡು ಎರಡು ದಿನ ನಡೆದು ಊರಿಗೆ ಮರಳುವಳು. ಅಂಗಡಿಗೆ ಬಂದರೆ ಕಂಬಳಿಯ ಅಂಚಿನ ಹೊಲಿಗೆ ಬಿಚ್ಚಿ ನೋಟು ತೆಗೆದು, ಅಲ್ಲೇ ಕೂತು ಮತ್ತೆ ಹೊಲಿದುಕೊಳ್ಳುವಳು. ಕಂಬಳಿಯ ಮಡಿಕೆಯಲ್ಲಿ ತಾಯಿ ಸತ್ತ ಮರಿಯೊಂದು ಇದ್ದೇ ಇರುತ್ತಿತ್ತು. ಮೂರು ವರ್ಷದ ಹಿಂದೆ ಒಂದು ಬಿಳಿಗಿವಿಯ ಮರಿಯನ್ನಂತೂ ಸಾತಲಿಂಗಪ್ಪ, ಬಟ್ಟೆಯ ಮೇಲೆ ಹಿಕ್ಕೆ ಹಾಕೀತೆಂದು, ನಾಲ್ಕು ಸಲ ಮೆಟ್ಟಿಲಿಳಿಸಿದ್ದ.

ಈ ಸಲ ಅವಳು ಬಂದಾಗ ಸುಮ್ಮನೆ ಕೇಳಿದ. “ಇಷ್ಟ ರೊಕ್ಕ ಹೊತಗೊಂಡು ನಡಕೋತ ಹೋಗ್ತಿ, ಅಂಜಿಕಿ ಬರೂದಿಲ್ಲೇನು ಬೀರವ್ವ?”

“ಮೋಟಾರದಾಗ ಕಿಸೆ ಕತ್ತರಸ್ತಾರ್ರಿ ದಿವಾಣಜಿ. ಈ ಹೊಲಸ ಕಂಬಳಿ ಯಾರ ಮುಟ್ಟತಾರ? ನೀವ ಮೂಗ ಮುಚಗೊಂಡ ನಿಂತೀರಿ.” ಅವಳು ನಕ್ಕಳು. “ನನ್ನ ಮಗಳು ರೇವಮ್ಮನ ಲಗ್ನದ ರೊಕ್ಕ ಇದು. ಸೋಮವಾರ ಹೊಂಡತೀವಿ.”

ಸೋಮವಾರಕ್ಕೆ ನಾಲ್ಕು ದಿನವಿತ್ತು. ಅವನು ಅಂಥದೇ ಕರಿಯ ಕಂಬಳಿ ಕೊಂಡ. ಕುಳ್ಳಿನ ಹೊಗೆ ಹಿಡಿಸಿದ, ಎರಡು ರಾತ್ರಿ ಕುರಿದೊಡ್ಡಿಯಲ್ಲಿ ಹಾಸಿಟ್ಟ, ಅಂಚಿಗೆ ಹಳೇ ಕಾಗದ ತುರುಕಿ ಅವಳ ಹಾಗೆಯೇ ದಪ್ಪ ಹೊಲಿಗೆ ಹಾಕಿದ. ಮೂಸಿ ನೋಡಿದರೆ ಅವನಿಗೇ ವಾಕರಿಕೆ ಬಂತು. ಮನೆ ಮುಟ್ಟಿ ಹೊಲಿಗೆ ಬಿಚ್ಚುವವರೆಗೆ ಅವಳಿಗೆ ತಿಳಿಯದು. ತಿಳಿದ ಮೇಲೆ ಎಲ್ಲಿ ಕಳೆಯಿತೆಂದು ಹೇಳುವುದಾದರೂ ಹೇಗೆ? ಅಂಗಡಿಯಲ್ಲಿ ಅಕ್ಕಲಕೋಟೆಗೆ ನಡೆದು ಹೋಗುವ ಹರಕೆ ಇದೆ ಎಂದು ರಜೆ ಕೇಳಿದ. ಮಾಲೀಕರು ದೇವರಿಗೆಂದು ಎಂಟಾಣೆ ಕೊಟ್ಟು ಕಳಿಸಿದರು.

ಇಡೀ ದಾರಿ ಬೀರವ್ವನ ಹಿಂಡಿಗೆ ಎರಡು ಫರ್ಲಾಂಗು ಹಿಂದಿದ್ದ. ಕಾಲಲ್ಲಿ ಬೊಬ್ಬೆ ಎದ್ದವು. ಎರಡನೆಯ ದಿನ ಮಧ್ಯಾಹ್ನ, ನಡುದಾರಿಯ ಊರಾದ ವಳಸಂಗ ದಾಟಿದ ಮೇಲೆ ಬೀರವ್ವ ಕಂಬಳಿಯನ್ನು ಜಾಲಿ ಗಿಡಕ್ಕೆ ಹಾಕಿ, ಬಾವಿಯಿಂದ ಕುರಿಗಳಿಗೆ ನೀರು ಸೇದತೊಡಗಿದಳು. ಅವಳ ಬೆನ್ನು ಈ ಕಡೆ ಇತ್ತು. ಒಂದನ್ನು ತೆಗೆದು ಇನ್ನೊಂದನ್ನು ಹಾಕಲು ಒಂದು ಉಸಿರು ಸಾಕಾಯಿತು. ಕೆಲವು ಕುರಿಗಳು ತಲೆ ಎತ್ತಿ ನೋಡಿದವು, ಅಷ್ಟೇ.

ಕಂಬಳಿ ಹೆಗಲಿಗೇರಿಸಿ ವಳಸಂಗದ ಮೋಟಾರ್ ಸ್ಟ್ಯಾಂಡಿನತ್ತ ಹೆಜ್ಜೆ ಹಾಕಿದ. ಓಡಲಿಲ್ಲ, ತಿರುಗಿ ನೋಡಲಿಲ್ಲ. ತಿರುಗಿ ನೋಡುವವನ ಮೇಲೇ ಜನಕ್ಕೆ ಸಂಶಯ, ಇದನ್ನು ಮೊದಲೇ ನಿಶ್ಚಯಿಸಿದ್ದ. ಹಿಂದೆ ಎಲ್ಲೋ ಗಂಟೆ ಸದ್ದಾಯಿತು. ಈ ಸೀಮೆಯಲ್ಲಿ ಕುರಿಗೇನು ಬರ. ಅಂಚನ್ನು ಬೆರಳಿಂದ ಒತ್ತಿದ. ನೋಟುಗಳು ಗರಗರ ಎಂದವು. ಅಂಗಡಿಯ ಬೋರ್ಡಿಗೆ ಯಾವ ಬಣ್ಣ ಎಂದು ಯೋಚಿಸುತ್ತ, ಹೊರಡಲಿದ್ದ ಸೊಲ್ಲಾಪುರದ ಮೋಟಾರಿನ ಮೆಟ್ಟಿಲ ಮೇಲೆ ಕಾಲಿಟ್ಟ.

“ಓ ಮಾಮಾ,” ಎಂದ ಕಂಡಕ್ಟರ್, ಅವನ ಹೆಗಲಾಚೆ ನೋಡುತ್ತ, “ನಿಂದೊಂದ ತಿಕೀಟೋ, ಕುರಿಗೋಳ್ದೂ ಹರೀಲ್ಯೋ?”

ಒಳಗಿದ್ದವರು ನಕ್ಕರು. ಸಾತಲಿಂಗಪ್ಪ ಮೊದಲ ಸಲ ತಿರುಗಿ ನೋಡಿದ. ಕೊರಳಲ್ಲಿ ಗಂಟೆ ಕಟ್ಟಿದ ದೊಡ್ಡ ಟಗರೊಂದು ಮುಂಗಾಲೆರಡನ್ನೂ ಮೆಟ್ಟಿಲ ಮೇಲಿಟ್ಟು, ಜೋತುಬಿದ್ದ ಕಂಬಳಿಯ ಮಡಿಕೆಯೊಳಗೆ ಮುಖ ತೂರಿಸುತ್ತಿತ್ತು. ತಳ್ಳಿದರೆ ಮತ್ತೆ ನುಗ್ಗುತ್ತಿತ್ತು. ಅದರ ಹಿಂದೆ ಇಡೀ ಹಿಂಡು ರಸ್ತೆ ತುಂಬ ನಿಂತಿತ್ತು. ಹಿಂಡಿನ ಹಿಂದೆ, ಅವನು ಹೊಗೆ ಹಿಡಿಸಿದ ಹೊಸ ಕಂಬಳಿಯನ್ನು ತೋಳ ಮೇಲೆ ಹಾಕಿಕೊಂಡು, ಅವಸರವಿಲ್ಲದೆ ಬೀರವ್ವ ಬರುತ್ತಿದ್ದಳು. ಟಗರಿನ ಒಂದು ಕಿವಿ ಬಿಳಿಯದಾಗಿತ್ತು.